ಎದುರಾಳಿ ಟೀಮುಗಳ ಕಪ್ ಫೈನಲ್: ಗ್ರೌಂಡ್ ಗೆರಿ, ಶೂಟೌಟ್ ಬಗ್ಗೆ ಕೇಳೂದಿತ್ತು

ಕ್ಯಾಂಪ್_ಕಾರ್ನರ್:
ಮುಂದಿನ ರವಿವಾರ ಬೆಳಗಾವ್ಯಾಗ ಫುಟ್‌ಬಾಲ್ ಕಪ್ ಫೈನಲ್ ಐತ್ರಿ. ಎರಡೂ ಒಂದಕ್ಕೊಂದು ಆಗಿಬರದ ಟೀಮು, ನೆಪ ಸಿಕ್ಕರ ಸಾಕು ಜನ ಗ್ರೌಂಡಿಗೆ ಇಳಿತಾರ. ಕೆಂಪು ಮಣ್ಣಿನ ಗ್ರೌಂಡು, 90×60 ಮೀಟರ್ ಅಷ್ಟ ಸಿಗತೈತಿ. ಗೋಲ್ ಮುಂದಿನ ಪೆನಾಲ್ಟಿ ಬಾಕ್ಸೂ ಅದಕ್ಕ ತಕ್ಕಂಗ ಸಣ್ಣದು ಮಾಡಬೇಕೇನ್ರಿ? ಸುಣ್ಣ ಎಷ್ಟು ಹಿಡೀತೈತಿ? ಡ್ರಾ ಆದರ ಶೂಟೌಟ್‌ನಾಗ (ಎರಡೂ ಟೀಮು ಸರದಿ ಪ್ರಕಾರ ಪೆನಾಲ್ಟಿ ಹೊಡಿಯೂದು) ತಕರಾರು ಎಲ್ಲಿ ಏಳತಾವ?

ದಾರ_ಗೂಟ:
ಬಾಕ್ಸ್ ಸಣ್ಣದು ಮಾಡಬ್ಯಾಡ್ರಿ. 90 ಮೀಟರ್ ಉದ್ದ ನಿಯಮದಾಗ ಕನಿಷ್ಠ ಮಿತಿ, ನಡೀತೈತಿ. ಆದರ ಒಳಗಿನ ಅಳತಿ ಯಾವ ಗ್ರೌಂಡಿಗೂ ಒಂದ. ಗೋಲ್ ಕಂಬದ ಒಳಮೈಯಿಂದ ಅತ್ತ 16.5, ಇತ್ತ 16.5, ನಡುವ ಗೋಲ್ 7.32, ಕೂಡಿಸಿದರ ಬಾಕ್ಸಿನ ಅಗಲ 40.32 ಮೀಟರ್. ಭಾಳ ಮಂದಿ ಟೇಪನ್ನ ಕಂಬದ ಹೊರಮೈಗೆ ಹಚ್ಚತಾರ, ಅಲ್ಲೇ ಬಾಕ್ಸ್ ಅಗಲ ಆಗೂದು. ಪೆನಾಲ್ಟಿ ಚುಕ್ಕಿ ಗೋಲ್ ಗೆರಿಯಿಂದ 11 ಮೀಟರ್.

ಮೂಲಿ ಕಣ್ಣಳತಿ ಮ್ಯಾಲ ಬಿಡಬ್ಯಾಡ್ರಿ. ಒಂದ್ ಕಡೆ 6, ಇನ್ನೊಂದ್ ಕಡೆ 8 ಮೀಟರ್ ಗುರುತು ಮಾಡಿ, ಎರಡರ ನಡುವ ಸರಿ 10 ಬಂದರ ಮೂಲಿ ಕಾಟಕೋನ. ಕಡೀಕ ಎರಡೂ ಕರ್ಣ ಅಳೀರಿ, 108 ಮೀಟರ್ 17 ಸೆಂ.ಮೀ. ಬರಬೇಕು. ಒಂದು ಹೆಚ್ಚು ಒಂದು ಕಮ್ಮಿ ಬಂತು ಅಂದರ ಗ್ರೌಂಡ್ ವಾರಿ ಆಗೈತಿ ಅಂತ.

ನಡುವಿನ ವೃತ್ತಕ್ಕ ಹಗ್ಗ 9.15 ಮೀಟರ್. ಗಂಟು ಬಿಗಿದರ ತಿರುಗಿದಂಗ ಹಗ್ಗ ಗೂಟಕ್ಕ ಸುತ್ತಿಕೊಂಡು ಗಿಡ್ಡ ಆಗತೈತಿ, ಗೆರಿ ಶುರು ಮಾಡಿದ ಜಾಗಕ್ಕ ಬಂದು ಕೂಡೂದ ಇಲ್ಲ. ಸಡಿಲ ಕುಣಿಕಿ ಹಾಕ್ರಿ. ನೈಲಾನ್ ಹಗ್ಗ ಬ್ಯಾಡ, ಜಗ್ಗಿದಂಗ ಬೆಳೀತೈತಿ.

ಸುಣ್ಣಾನೂ ಬ್ಯಾಡ. ಕೀಪರ್ ಡೈವ್ ಹೊಡದಾಗ ಕಣ್ಣಿಗೆ ಹೋದರ ಸುಡತೈತಿ, ಬೆವತ ಮೈಗೂ ಹಂಗ. ರಂಗೋಲಿ ಹಿಟ್ಟು ತರ್ರಿ. ಎಲ್ಲಾ ಗೆರಿ ಸೇರಿ 650 ಮೀಟರ್ ದಾಟತೈತಿ. ಮೀಟರಿಗೆ 150-200 ಗ್ರಾಂ ಹಿಡಿದರ 100ರಿಂದ 130 ಕಿಲೊ. ಗೆರಿ ಅಗಲ 12 ಸೆಂ.ಮೀ. ಮೀರಬಾರದು. ಮಳಿ ಬಂದರ ಇದು ಹರದು ಹೋಗತೈತಿ, ಎರಡು ಚೀಲ ಎತ್ತಿಡ್ರಿ.

ಸೀಟಿ_ಕಾರ್ಡು:
ಶೂಟೌಟ್‌ಗೆ ಟಾಸ್ ಎರಡು. ಮೊದಲಿಂದು ಯಾವ ಗೋಲ್‌ನಾಗ ಅನ್ನೂದಕ್ಕ. ಎರಡನೇದು ಗೆದ್ದ ಕ್ಯಾಪ್ಟನ್ ಮೊದಲು ಹೊಡೀತಾರೋ ಆಮ್ಯಾಲೋ ಅನ್ನೂದಕ್ಕ. ಇಬ್ಬರೂ ಕ್ಯಾಪ್ಟನ್ನರಿಗೆ ಇದನ್ನ ಮ್ಯಾಚಿಗೆ ಮೊದಲ ಹೇಳಿಬಿಡ್ರಿ.

ದೊಡ್ಡ ತಕರಾರು ರೆಡ್ ಕಾರ್ಡ್ ಬಿದ್ದಾಗ. ಒಂದು ಟೀಮಿನಾಗ ಹತ್ತು ಮಂದಿ ಉಳದರ, ಹನ್ನೊಂದು ಇದ್ದವರೂ ಒಬ್ಬರನ್ನ ಕೈಬಿಡಬೇಕು. 2023ರ ಡ್ಯುರಾಂಡ್ ಕಪ್ ಫೈನಲ್ ನೆನಸ್ರಿ. ಅನಿರುದ್ಧ್ ಥಾಪಾ ರೆಡ್ ಕಾರ್ಡ್ ತಿಂದು ಮೋಹನ್ ಬಗಾನ್ ಹತ್ತಕ್ಕ ಇಳೀತು, ಆದರೂ ಪೆಟ್ರಾಟೋಸ್ ಗೋಲ್ ಹೊಡದು ಈಸ್ಟ್ ಬೆಂಗಾಲ್ ಮ್ಯಾಲ 1-0 ಗೆದ್ದರು. ಅದು ಶೂಟೌಟ್‌ಗೆ ಹೋಗಿದ್ದರ ಈಸ್ಟ್ ಬೆಂಗಾಲ್ ಒಬ್ಬ ಆಟಗಾರನ್ನ ಹೊರಗ ಕೂಡಸಬೇಕಾಗ್ತಿತ್ತು.

ಕಿಕ್ ಹೊಡಿಯೂ ಹೊತ್ತಿಗೆ ಕೀಪರಿನ ಒಂದು ಕಾಲಾದರೂ ಗೋಲ್ ಗೆರಿ ಮ್ಯಾಲ ಇಲ್ಲಾ ಅದರ ನೇರಕ್ಕ, ಹಿಂದ ಇರಬೇಕು. ಮುಂದ ಬಂದು ತಡದರ ಕಿಕ್ ಮತ್ತೊಮ್ಮೆ. ಮೊದಲ ಸಲ ಬರೇ ಎಚ್ಚರಿಕಿ, ಆಮ್ಯಾಲ ಯೆಲ್ಲೊ. ಆಟದಾಗ ಬಿದ್ದ ಯೆಲ್ಲೊ ಶೂಟೌಟ್‌ಗೆ ಲೆಕ್ಕಕ್ಕಿಲ್ಲ.

ಗೇಟ್_ಎರಡು:
ಅಭಿಮಾನಿಗಳಿಗೆ ಬ್ಯಾರೆ ಬ್ಯಾರೆ ಗೇಟು, ಬ್ಯಾರೆ ಬಾಜು. ಹೊರಗ ಹೋಗೂವಾಗ ಸೋತವರನ್ನ ಮೊದಲು ಬಿಡ್ರಿ, ಗೆದ್ದವರು ಹೆಂಗೂ ಕಪ್ ನೋಡಾಕ ನಿಲ್ಲತಾರ. 1980ರ ಆಗಸ್ಟ್ 16ಕ್ಕ ಈಡನ್ ಗಾರ್ಡನ್ಸ್‌ನಾಗ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಅನ್ನೂ ಇದ ಎರಡು ಕೋಲ್ಕತ್ತ ಟೀಮುಗಳ ಲೀಗ್ ಮ್ಯಾಚಿನಾಗ ಅಭಿಮಾನಿಗಳ ಗಲಾಟಿಯೊಳಗ 16 ಮಂದಿ ಸತ್ತರು. ಜನರನ್ನ ತಡಿಯೂ ಹಗ್ಗ ಟಚ್‌ಲೈನ್‌ನಿಂದ (ಗ್ರೌಂಡಿನ ಉದ್ದನ ಬಾಜುವಿನ ಗೆರಿ) ಮೂರು ಮೀಟರ್ ಹಿಂದ ಕಟ್ಟ್ರಿ, ಲೈನ್ಸ್‌ಮನ್ ಓಡಾಡಬೇಕು. ಎತ್ತಿಡೂ ಗೋಲ್ ಇದ್ದರ ಹಿಂದಿನ ಪೈಪಿಗೆ ಉಸುಕಿನ ಚೀಲ ಹೇರ್ರಿ. ಹುಡುಗರು ಜೋತುಬಿದ್ದರ ಕಂಬ ಮುಂದಕ್ಕ ಬೀಳತೈತಿ.

ಕ್ಯಾಂಪ್_ಕಾರ್ನರ್:
ಇನ್ನೊಂದು ರೀ. ಶೂಟೌಟ್‌ನಾಗ ಬಾಲು ಕಂಬಕ್ಕ ಬಡದು, ತಿರುಗಿ ಕೀಪರ್ ಬೆನ್ನಿಗೆ ತಾಗಿ ಒಳಗ ಹೋದರ?

ಸೀಟಿ_ಕಾರ್ಡು:
ಗೋಲ್. ಬಾಲು ಇನ್ನೂ ಉರುಳತಿದ್ದರ ಕಿಕ್ ಮುಗಿದಿಲ್ಲ. ಹೊಡದಾಂವ ಮಾತ್ರ ಎರಡನೇ ಸಲ ಮುಟ್ಟಂಗಿಲ್ಲ.