ಸಹಾಯ ಬೇಕು: ಹೃದಯದ ಲಯದ ತೊಂದರೆಗೆ ಔಷಧದ ಜೊತೆ ಯೋಗ, ಕಷಾಯ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿರುವ ನನ್ನ ಅಮ್ಮನಿಗೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ ಇದೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗದಿರಲೆಂದು ವೈದ್ಯರು ವಾರ್ಫರಿನ್ ಕೊಟ್ಟಿದ್ದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತೋರಿಸುವ ರಕ್ತಪರೀಕ್ಷೆಯ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳಬೇಕಾಗಿದೆ.

ಈಗ ನೆಂಟರೊಬ್ಬರು ಹಾಲಿನಲ್ಲಿ ಕುದಿಸಿ ಕುಡಿಸಿ ಎಂದು ಅರ್ಜುನದ ತೊಗಟೆಯ ಕಟ್ಟೊಂದನ್ನು ತಂದುಕೊಟ್ಟಿದ್ದಾರೆ. ಇನ್ನೊಬ್ಬರು ಬೆಳ್ಳುಳ್ಳಿ ಕ್ಯಾಪ್ಸೂಲ್ ಮತ್ತು ಜ್ಯೇಷ್ಠಮಧುವಿನ ಕಷಾಯ ಸೂಚಿಸಿದ್ದಾರೆ. ಬೆಳ್ಳುಳ್ಳಿ ಕ್ಯಾಪ್ಸೂಲ್ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು, ಜ್ಯೇಷ್ಠಮಧುವನ್ನು ಬಹಳ ದಿನ ಸೇವಿಸಿದರೆ ಪೊಟ್ಯಾಶಿಯಂ ಇಳಿದು ಲಯ ಮತ್ತಷ್ಟು ಕೆಡಬಹುದು ಎಂಬ ಕಾರಣಕ್ಕೆ ಅವೆರಡನ್ನೂ ದೂರವಿಟ್ಟಿದ್ದೇನೆ. (ಸೊಪ್ಪು ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸಬಹುದಾದರೂ ಬಸಳೆ ಸೊಪ್ಪಿನ ಕೊದ್ದೆಲ್ ಬಿಡಬೇಕಾಗಿಲ್ಲ, ಸೊಪ್ಪಿನ ಪ್ರಮಾಣ ಒಂದೇ ಸಮನಾಗಿದ್ದರೆ ಸಾಕು ಎಂದು ಕೇಳಿ ಅಮ್ಮನಿಗೆ ಸಮಾಧಾನವಾಗಿದೆ.)

ಯೋಗದ ಬಗ್ಗೆ ಮಾತ್ರ ನನಗೆ ಭರವಸೆಯಿದೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ, 49 ರೋಗಿಗಳ ಸಣ್ಣ ಅಧ್ಯಯನದಲ್ಲಿ, ಮೂರು ತಿಂಗಳ ಯೋಗಾಭ್ಯಾಸದ ನಂತರ ಲಯ ತಪ್ಪುವ ಪ್ರಸಂಗಗಳು ಕಡಿಮೆಯಾಗಿದ್ದವು.

ಉಡುಪಿ ಅಥವಾ ಮಣಿಪಾಲದಲ್ಲಿ ಹೃದ್ರೋಗಿಗಳಿಗೆ ಕಲಿಸಿ ಅನುಭವವಿರುವ ಯೋಗ ಶಿಕ್ಷಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ವಾರ್ಫರಿನ್ ತೆಗೆದುಕೊಳ್ಳುತ್ತಲೇ ಅರ್ಜುನ ಸೇವಿಸಿದವರಿದ್ದರೆ, ಹೃದ್ರೋಗ ತಜ್ಞರು ಮತ್ತು ಆಯುರ್ವೇದ ವೈದ್ಯರು ಇಬ್ಬರೂ ಏನು ಹೇಳಿದರು, ಐಎನ್‌ಆರ್‌ನಲ್ಲಿ ವ್ಯತ್ಯಾಸ ಕಂಡಿತೇ ಎಂಬುದನ್ನೂ ಬರೆಯಿರಿ. ಮಾತ್ರೆ ನಿಲ್ಲಿಸಿ ಎಂಬ ಸಲಹೆ ಮಾತ್ರ ಬೇಡ.