ಗೋಡೆ ಮಾಲೀಕರದು, ಫ್ರಿಜ್ ಯಾರದು?

ಪ್ರಶ್ನೆ: ಬೆಂಗಳೂರಿನ ಸರ್ಜಾಪುರ ರಸ್ತೆಯ ಬಳಿ ನೆಲಮಹಡಿಯ ಮನೆಯೊಂದಕ್ಕೆ ಬಾಡಿಗೆಗೆ ಹೋಗುವವರಿದ್ದೇವೆ. ಸಾಮಾನುಗಳಿಗೆ ವಿಮೆ ಮಾಡಿಸೋಣ ಎಂದರೆ, "ಮನೆಯೇ ನಮ್ಮದಲ್ಲ, ವಿಮೆ ಯಾತಕ್ಕೆ?" ಎನ್ನುತ್ತಾರೆ ನಮ್ಮ ಯಜಮಾನರು. ಬಾಡಿಗೆ ಮನೆಯಲ್ಲಿದ್ದು ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.

ಬೆಳ್ಳಂದೂರಿನಲ್ಲಿದ್ದವರು: ನಾವು ಮಾಡಿಸಿರಲಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆ ನೆನಪಿರಬಹುದು. ಬೆಳಗಿನ ಜಾವ ಮಂಚದಿಂದ ಕಾಲಿಳಿಸಿದರೆ ನೀರು. ಮೊದಲು ಬಚ್ಚಲಿನ ಕಿಂಡಿಯಿಂದ ಉಕ್ಕಿತು, ಆಮೇಲೆ ಬಾಗಿಲ ಸಂದಿಯಿಂದ ನುಗ್ಗಿತು. ಮಗುವನ್ನು ಎತ್ತಿಕೊಂಡು ಮೇಲಿನ ಮನೆಗೆ ಓಡಿದೆವು. ಎರಡು ದಿನ ಬಿಟ್ಟು ಇಳಿದು ಬಂದಾಗ ಫ್ರಿಜ್ ಅಡುಗೆಮನೆಯಿಂದ ತೇಲಿ ಬಂದು ನಡುಮನೆಯಲ್ಲಿ ಅಂಗಾತ ಬಿದ್ದಿತ್ತು. ವಾಷಿಂಗ್ ಮಷಿನ್, ಪ್ಲೈವುಡ್ ಬೀರು, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ, ಎಲ್ಲಕ್ಕೂ ಒಂದೇ ವಾಸನೆ, ಚರಂಡಿಯದು. ಮಾಲೀಕರು ಒಳ್ಳೆಯವರೇ. ಗೋಡೆಗೆ ಸುಣ್ಣಬಣ್ಣ ಮಾಡಿಸಿದರು, ಆ ತಿಂಗಳ ಬಾಡಿಗೆಯನ್ನೂ ಬಿಟ್ಟರು. ಫ್ರಿಜ್ಜಿನ ಮಾತನ್ನು ಅವರು ಎತ್ತಲಿಲ್ಲ, ನಾವು ಕೇಳುವಂತೆಯೂ ಇರಲಿಲ್ಲ. ಅವರ ಕಟ್ಟಡಕ್ಕೆ ವಿಮೆ ಇದ್ದಿದ್ದರೂ ನಮ್ಮ ಸಾಮಾನಿಗೆ ಅದರಿಂದ ಬಿಡಿಗಾಸೂ ಬರುತ್ತಿರಲಿಲ್ಲ. ನಿಮ್ಮ ಯಜಮಾನರನ್ನು ಕೇಳಿ: ಮನೆ ನಮ್ಮದಲ್ಲ ಸರಿ, ಫ್ರಿಜ್ ಯಾರದು?

ಮೈಸೂರಿನಿಂದ: ನಾನು ಮಾಡಿಸಿದ್ದೇನೆ. 2021ರ ಏಪ್ರಿಲ್‌ನಿಂದ "ಭಾರತ್ ಗೃಹ ರಕ್ಷಾ" ಎಂಬ ಮನೆ ವಿಮೆಯ ಪಾಲಿಸಿ, ಎಲ್ಲ ಕಂಪನಿಗಳಲ್ಲೂ ಒಂದೇ ನಮೂನೆಯದು, ಜಾರಿಯಲ್ಲಿದೆ. ಅದರಲ್ಲಿ ಕಟ್ಟಡ ಬಿಟ್ಟು ಒಳಗಿನ ಸಾಮಾನಿಗೆ ಮಾತ್ರ ಮಾಡಿಸಬಹುದು. ಬಾಡಿಗೆದಾರರಿಗೆ ಬೇಕಿರುವುದು ಅದೇ. ಬೆಂಕಿ, ಸಿಡಿಲು, ನೆರೆ, ಭೂಕಂಪದ ಜೊತೆಗೆ ನೀರಿನ ಟ್ಯಾಂಕ್, ಪೈಪ್ ಒಡೆದು ಆಗುವ ಹಾನಿಯೂ ಸೇರಿದೆ. ನಮಗೆ ಉಪಯೋಗಕ್ಕೆ ಬಂದದ್ದು ಈ ಕೊನೆಯದು. ಊರಿಗೆ ಹೋಗಿದ್ದಾಗ ಗೋಡೆಯೊಳಗಿನ ಪೈಪ್ ಒಡೆದು ಟಿವಿ, ಹಾಸಿಗೆ ಹಾಳಾದವು. ಸರ್ವೇಯರ್, ಅಂದರೆ ಹಾನಿ ಎಷ್ಟೆಂದು ಅಂದಾಜು ಮಾಡುವವರು, ಬಂದು ಮೊದಲು ಕೇಳಿದ್ದು ಬಿಲ್. ಟಿವಿಯದು ಇತ್ತು. ಹಾಸಿಗೆಯದು ಇರಲಿಲ್ಲ, ವಿವರಿಸಿ ವಿವರಿಸಿ ಸಾಕಾಯಿತು. ಸಾಮಾನು ಇಳಿಸಿದ ದಿನವೇ ಪ್ರತಿ ಕೋಣೆಯ ವಿಡಿಯೊ ಮಾಡಿ, ಬಿಲ್‌ಗಳ ಫೋಟೊ ತೆಗೆದು, ನಿಮಗೆ ನೀವೇ ಇಮೇಲ್ ಕಳುಹಿಸಿಕೊಳ್ಳಿ. ಹಾಳಾದದ್ದನ್ನು ಸರ್ವೇಯರ್ ನೋಡುವ ಮುನ್ನ ಗುಜರಿಗೆ ಹಾಕಬೇಡಿ.

ಹುಬ್ಬಳ್ಳಿಯಿಂದ: ಕಳ್ಳತನದ ವಿಷಯ ಯಾರೂ ಹೇಳಲಿಲ್ಲವಲ್ಲ! ಸುಮ್ಮನೆ ಬೀಗ ಒಡೆದು ಕದ್ದರೆ ಆ ಪಾಲಿಸಿಯಲ್ಲಿ ಹಣ ಬರುವುದಿಲ್ಲ. ಬೆಂಕಿ, ನೆರೆಯಂಥದ್ದು ಸಂಭವಿಸಿ, ಅದರ ಕಾರಣದಿಂದ 7 ದಿನಗಳೊಳಗೆ ಕಳವಾದರೆ ಮಾತ್ರ ಬರುತ್ತದೆ. ಉಳಿದ ಕಳ್ಳತನಕ್ಕೆ ಬೇರೆ ವಿಮೆ ಬೇಕು. ಚಿನ್ನವನ್ನೂ ಪ್ರತ್ಯೇಕವಾಗಿ ಸೇರಿಸಬೇಕು. ನಮ್ಮ ಅಕ್ಕ ಈ ಷರತ್ತನ್ನು ಓದಿದ್ದು ಕಳ್ಳರು ಬಂದು ಹೋದ ಮೇಲೆ.

ಮಂಗಳೂರಿನಿಂದ: ನಾನು ಒಬ್ಬಂಟಿ. ಒಂದು ಚಾಪೆ, ಒಂದು ಲ್ಯಾಪ್‌ಟಾಪ್, ಮೂರನೇ ಮಹಡಿ. ನನಗಂತೂ ಬೇಡ ಎನ್ನಿಸಿದೆ. ನಿಮ್ಮದು ನೆಲಮಹಡಿ, ಅದೂ ಆ ಕಡೆ, ಬೇರೆ ಲೆಕ್ಕ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಇವತ್ತು ಆ ಮನೆಯನ್ನು ಇನ್ನೊಮ್ಮೆ ನೋಡಲು ಹೋಗಿದ್ದೆವು. 2022ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮಾಲೀಕರನ್ನು ಕೇಳಿದೆ. "ಗೇಟಿನವರೆಗೆ ಅಷ್ಟೇ ಅಮ್ಮಾ" ಎಂದರು. ಒಳಗೆ ನಡುಮನೆಯ ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ, ಸೊಂಟದೆತ್ತರದವರೆಗೆ ಮಾತ್ರ. ಯಜಮಾನರು ಆ ಗೆರೆಯನ್ನೇ ನೋಡುತ್ತಾ ನಿಂತಿದ್ದರು.