ಪದ ಬೇಕು (ತುರ್ತು): ಔಷಧ ಬೆರೆಸುವ ಯಂತ್ರದ ‘ಕ್ಯಾಲಿಬ್ರೇಶನ್’, ‘ಆಕ್ಯುರೆಸಿ’, ‘ಪ್ರಿಸಿಶನ್’

ದಾವಣಗೆರೆಯಿಂದ:

ಬಲ್ಲವರಲ್ಲಿ ಕೇಳಿಕೆ. ಇಲ್ಲಿಯ ಆಸ್ಪತ್ರೆಯೊಂದರ ಫಾರ್ಮಸಿಗೆ ಗೋಡೆಫಲಕ ಬರೆದುಕೊಡುತ್ತಿದ್ದೇನೆ, ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಹಾಲು ಕುಡಿಯಲಾಗದ ಎಳೆಗೂಸುಗಳಿಗೆ ರಕ್ತನಾಳದ ಮೂಲಕ ಕೊಡುವ ಪೋಷಕ ದ್ರವವನ್ನು ಅಲ್ಲಿ ಯಂತ್ರ ಬೆರೆಸುತ್ತದೆ. ಡೆಕ್ಸ್‌ಟ್ರೋಸ್, ಅಮೈನೋ ಆಮ್ಲ, ಲವಣಗಳು, ಒಂದೊಂದಕ್ಕೂ ಒಂದೊಂದು ಕೊಳವೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಸ್ಟೆರೈಲ್ ವಾಟರ್ ಹಾಯಿಸಿ ತೂಗಬೇಕು: 100 ಮಿಲಿ ನೀರು ಹೆಚ್ಚುಕಡಿಮೆ 100 ಗ್ರಾಂ. 50 ಪರ್ಸೆಂಟ್ ಡೆಕ್ಸ್‌ಟ್ರೋಸ್ ಆದರೆ ಅಷ್ಟಕ್ಕೇ ಸುಮಾರು 117 ಗ್ರಾಂ. ಯಂತ್ರಕ್ಕೆ ಈ ಸಾಂದ್ರತೆಯನ್ನೇ (ಇಷ್ಟು ಮಿಲಿಗೆ ಇಷ್ಟು ತೂಕ ಎಂಬ ಲೆಕ್ಕ) ತಪ್ಪಾಗಿ ಕೊಟ್ಟಿದ್ದರೆ ತೂಕ ತಾಳೆಯಾಗುತ್ತದೆ, ಒಳಗಿನ ಮದ್ದು ತಪ್ಪಿರುತ್ತದೆ. ಪೊಟ್ಯಾಸಿಯಂ ಹೆಚ್ಚಾದರೆ ಕೂಸಿನ ಹೃದಯವೇ ನಿಂತೀತು.

ಈ ತಾಳೆ ನೋಡುವ ಕೆಲಸವೇ ಕ್ಯಾಲಿಬ್ರೇಶನ್. ಅದಕ್ಕೆ ‘ಮಾಪನಾಂಕ ನಿರ್ಣಯ’ ಎಂದರೆ ಅಲ್ಲಿಯ ಹುಡುಗರಿಗೆ ಅರ್ಥವಾಗುತ್ತಿಲ್ಲ. ಇನ್ನೊಂದು ತೊಡಕು: 100 ಮಿಲಿ ಕೇಳಿದಾಗಲೆಲ್ಲ ಯಂತ್ರ 95 ಕೊಟ್ಟರೆ ಪ್ರಿಸಿಶನ್ (ಪ್ರತಿ ಸಲವೂ ಅಷ್ಟೇ ಬರುವುದು) ಇದೆ, ಆಕ್ಯುರೆಸಿ (ಬರಬೇಕಾದಷ್ಟೇ ಬರುವುದು) ಇಲ್ಲ. ಎರಡಕ್ಕೂ ‘ನಿಖರತೆ’ ಎಂದು ಬರೆಯಲಾರೆ.

ಬೆಂಗಳೂರಿನಿಂದ:

ಆ ಸಂಸ್ಕೃತದ ಮೂಟೆ ಇಳಿಸಿ. ‘ಒರೆ’ ಇದೆಯಲ್ಲ! ಒರೆಗಲ್ಲು, ಒರೆಗೆ ಹಚ್ಚು; ತಮಿಳಿನ ‘ಉರೈ’ ಕೂಡ ಇದರ ನಂಟೇ. ಕ್ಯಾಲಿಬ್ರೇಶನ್‌ಗೆ ‘ಒರೆನೋಟ’, ಆಕ್ಯುರೆಸಿಗೆ ‘ಸರಿಯಳತೆ’, ಪ್ರಿಸಿಶನ್‌ಗೆ ‘ಒಂದೇಯಳತೆ’. ಮುಗಿಯಿತು.

ಚಿತ್ರದುರ್ಗದಿಂದ:

> ‘ಒರೆನೋಟ’

ನಡೆಯದು. ಸ್ಟೆರೈಲ್ ಕೋಣೆಯಲ್ಲಿ ಆಲ್ಕೋಹಾಲ್ ಹಚ್ಚಿ ಒರೆಸುವುದೇ ನಿತ್ಯದ ಕೆಲಸ. ‘ಯಂತ್ರ ಒರೆ ನೋಡಿ’ ಎಂದು ಬರೆದರೆ ಬಟ್ಟೆ ಹಿಡಿದು ಬರುತ್ತಾರೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿ, ಬಟ್ಟುಗಳಿಗೆ ‘ಸತ್ಯಾಪನೆ’ ಅನ್ನುತ್ತಾರೆ, ಅದನ್ನೇ ಹಾಕಿ. ಮತ್ತೆ, ಕ್ಯಾಲಿಬ್ರೇಶನ್ ಎಂದರೆ ರಿಪೇರಿಯಲ್ಲ. ಗೊತ್ತಿರುವ ಅಳತೆಗೆ ಹೋಲಿಸಿ ವ್ಯತ್ಯಾಸ ಬರೆದಿಡುವುದು. ಸರಿಪಡಿಸುವುದು ಬೇರೆ ಕೆಲಸ. ಫಲಕದಲ್ಲಿ ಇವೆರಡು ಕಲೆಯಬಾರದು.

ಬೆಂಗಳೂರಿನಿಂದ:

‘ಸತ್ಯಾಪನೆ’ ಯಾರ ಮನೆಯ ಮಾತು? ‘ದಿಟ’ ಇರುವಾಗ ‘ಸತ್ಯ’ವೇಕೆ? ಕಚೇರಿಯವರು ಬರೆದದ್ದನ್ನೆಲ್ಲ ಒಪ್ಪುತ್ತಾ ಹೋದದ್ದರಿಂದಲೇ ಕನ್ನಡ ಹೀಗಾಗಿದೆ.

ಚಿತ್ರದುರ್ಗದಿಂದ:

‘ಕಚೇರಿ’ ಕನ್ನಡವೇ? ‘ಆಸ್ಪತ್ರೆ’ ಬಂದದ್ದು ಹಾಸ್ಪಿಟಲ್‌ನಿಂದ. ನಾವು ದಿನಾ ಆಡುವ ‘ಕರಾರುವಾಕ್ಕು’ವಿನ ‘ಕರಾರು’ ಅರಬ್ಬಿ. ನಿಮ್ಮ ಜರಡಿಯಲ್ಲಿ ಉಳಿಯುವುದೇನು?

ದಾವಣಗೆರೆಯಿಂದ:

ಗುರುಗಳೇ, ಜಗಳ ಆಮೇಲೆ ಆಡೋಣ. ರಿಪೇರಿಯ ಮಾತು ಬಹಳ ಉಪಕಾರವಾಯಿತು, ನನ್ನ ಕರಡಿನಲ್ಲಿ ‘ಸರಿಪಡಿಸಿ’ ಎಂದಿದ್ದುದನ್ನು ತೆಗೆದಿದ್ದೇನೆ. ‘ಸತ್ಯಾಪನೆ’ ಬೇಡ. ಅದು ಇಲಾಖೆಯವರು ಬಂದು ಮುದ್ರೆ ಹಾಕುವ ಕೆಲಸಕ್ಕಿರಲಿ, ಇದು ದಿನಬೆಳಗಾದರೆ ನಮ್ಮವರೇ ಮಾಡುವುದು. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವವರಿಗೂ ‘ತಾಳೆ ನೋಡು’ ಗೊತ್ತು. ಹೀಗೆ ಬರೆದಿದ್ದೇನೆ:

‘ಕ್ಯಾಲಿಬ್ರೇಶನ್: ತೂಕ ತಾಳೆ ನೋಡದೆ ಯಂತ್ರ ನಡೆಸಬೇಡಿ. ಬರಬೇಕಾದಷ್ಟೇ ಬಂದಿದೆಯೇ? ಪ್ರತಿ ಸಲವೂ ಅಷ್ಟೇ ಬಂದಿದೆಯೇ? ದ್ರವದ ಸಾಂದ್ರತೆ ಸರಿಯಾಗಿದೆಯೇ? ವ್ಯತ್ಯಾಸ ಕಂಡರೆ ಬರೆದಿಡಿ, ಯಂತ್ರ ನಿಲ್ಲಿಸಿ, ಫಾರ್ಮಸಿಸ್ಟ್‌ಗೆ ತಿಳಿಸಿ.’

‘ಕ್ಯಾಲಿಬ್ರೇಶನ್’ ಉಳಿಸಿದ್ದೇನೆ, ಯಂತ್ರದ ಪರದೆಯ ಮೇಲೆ ಇರುವುದೂ ಅದೇ. ‘ಸಾಂದ್ರತೆ’ಗೆ ಇನ್ನೂ ಸುಲಭದ ಮಾತಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.

ಬೆಂಗಳೂರಿನಿಂದ:

‘ದಟ್ಟಣೆ’. ಕ್ಯಾಲಿಬ್ರೇಶನ್ ಉಳಿಸಿದ್ದಕ್ಕೆ ನನ್ನ ಒಪ್ಪಿಗೆಯಿಲ್ಲ.

ಚಿತ್ರದುರ್ಗದಿಂದ:

ದಟ್ಟಣೆ ಎಂದರೆ ಬಸ್‌ಸ್ಟ್ಯಾಂಡಿನ ಜನ. ‘ಸಾಂದ್ರತೆ’ ಹೈಸ್ಕೂಲಿನ ಪಠ್ಯದಲ್ಲೇ ಇದೆ, ಹಾಗೇ ಬಿಡಿ.